ಐತಿ, ಐತಿಹಾಸಿಕ ಮತ್ತು ಒಂದು ಹಳೆಯ ಪಟ್ಟಿ

ರೋಣದ ಬಸ್ ನಿಲ್ದಾಣದಲ್ಲಿ ನಿಂತು ಗಜೇಂದ್ರಗಡದ ಅಕ್ಕನಿಗೆ ಸಂದೇಶ ಬರೆಯುತ್ತಿರುವ ಹುಡುಗಿಯೊಬ್ಬಳನ್ನು ಕಣ್ಣ ಮುಂದೆ ತಂದುಕೊಳ್ಳಿ. ‘ಅಕ್ಕಾ, ಬಸ್ಸಿನ್ಯಾಗ ಭಾಳ ಗದ್ದಲ ಐತಿ, ಮುಂದಿನ ಬಸ್ಸಿಗೆ ಬರ್ತೀನಿ.’ ಅವಳು ಹೇಳಬೇಕಾದದ್ದು ಇಷ್ಟೇ. ‘ಐತಿ’ ಎಂದು ಒತ್ತುವಷ್ಟರಲ್ಲಿ ಕೀಲಿಮಣೆಯ ಮೇಲಿನ ಸಾಲಿನಲ್ಲಿ ‘ಐತಿಹಾಸಿಕ’, ‘ಐತಿಹ್ಯ’ ಎಂಬ ಎರಡು ಪದಗಳು ಬಂದು ಕೂರುತ್ತವೆ. ‘ಭಾಳ’ ಬರೆದರೆ ‘ಬಾಳು’ ಬೇಕೇ ಎಂದು ಕೇಳುತ್ತದೆ. ಊರಿನ ಹೆಸರು ‘ರೋಣ’ ಎಂದು ಹೊಡೆಯುವಾಗ ಬೆರಳು ಕೊಂಚ ಆಚೀಚೆ ಆದರೆ ‘ರೋಗ’ ಸಿದ್ಧವಾಗಿರುತ್ತದೆ. ಹಳೆಯ ಪದಪಟ್ಟಿ ಹೊತ್ತ ಕೀಲಿಮಣೆ ಈ ಹುಡುಗಿಯ ಜೊತೆ ಹೀಗೆ ನಡೆದುಕೊಳ್ಳುತ್ತದೆ. ಅದಕ್ಕೆ ಗೊತ್ತಿರುವ ಕನ್ನಡವೇ ಬೇರೆ, ಅವಳ ಬಾಯಲ್ಲಿರುವ ಕನ್ನಡವೇ ಬೇರೆ.

ಹಾಗಾದರೆ ಆ ಕೀಲಿಮಣೆಗೆ ಗೊತ್ತಿರುವುದಾದರೂ ಏನು? ಪದದ ಅರ್ಥವಂತೂ ಅದಕ್ಕೆ ಗೊತ್ತಿಲ್ಲ. ಫರ್ಡಿನಂಡ್ ಕಿಟೆಲ್ 1894ರಲ್ಲಿ ಹೊರತಂದ ಕನ್ನಡ–ಇಂಗ್ಲಿಷ್ ನಿಘಂಟಿನಂಥದ್ದು ಫೋನಿನೊಳಗೆ ಇಲ್ಲ. ಅಲ್ಲಿರುವುದು ಪದಗಳ ಸಾಲು, ಪ್ರತಿ ಪದದ ಪಕ್ಕದಲ್ಲಿ ಒಂದು ತೂಕ. ಆಂಡ್ರಾಯ್ಡ್‌ನ ಮುಕ್ತ ಆಕರದ ಕೀಲಿಮಣೆಯಲ್ಲಿ ಈ ತೂಕ 0ರಿಂದ 255ರವರೆಗಿನ ಒಂದು ಸಂಖ್ಯೆ. ಹೆಚ್ಚು ಬಳಕೆಯ ಪದಕ್ಕೆ ದೊಡ್ಡ ಸಂಖ್ಯೆ, ಅಪರೂಪದ್ದಕ್ಕೆ ಸಣ್ಣದು. ಕಡತದ ತಲೆಯಲ್ಲಿ ಭಾಷೆ ಯಾವುದು, ಪಟ್ಟಿ ಯಾವ ದಿನಾಂಕದ್ದು, ಎಷ್ಟನೇ ಆವೃತ್ತಿ ಎಂಬುದನ್ನು ಬರೆದಿರುತ್ತಾರೆ. ದಿನಾಂಕ ಇದೆ ಎಂದಮೇಲೆ ಅದು ಹಳತಾಗುತ್ತದೆ ಎಂದೂ ಆಯಿತು.

ಪದಗಳನ್ನು ಜೋಡಿಸಿಡುವ ಬಗೆ ಚೆಂದವಾಗಿದೆ. ಮರವೊಂದನ್ನು ನೆನೆಯಿರಿ. ಬುಡದಲ್ಲಿ ‘ರ’ ಎಂಬ ಕೊಂಬೆ, ಅದರಿಂದ ‘ರೋ’ ಎಂಬ ಟೊಂಗೆ, ಅಲ್ಲಿಂದ ಗ, ಣ, ಮ, ಷ ಎಂಬ ಎಲೆಗಳು. ರೋಗ, ರೋಣ, ರೋಮ, ರೋಷ. ಒಂದೊಂದು ಕೀಲಿ ಒತ್ತಿದಂತೆ ಯಂತ್ರ ಒಂದೊಂದು ಗೆಣ್ಣು ಮೇಲೆ ಹತ್ತುತ್ತದೆ, ನಿಂತ ಜಾಗದಿಂದ ಕಾಣುವ ಎಲೆಗಳಲ್ಲಿ ಹೆಚ್ಚು ತೂಕದ ಮೂರನ್ನು ಕಿತ್ತು ತೋರಿಸುತ್ತದೆ. ಈ ಮರಕ್ಕೆ ‘ಟ್ರೈ’ ಎಂಬ ಹೆಸರನ್ನು 1960ರಲ್ಲಿ ಎಡ್ವರ್ಡ್ ಫ್ರೆಡ್ಕಿನ್ ಕೊಟ್ಟರು. ‘ಐತಿ’ ಎಂಬುದು ‘ಐತಿಹಾಸಿಕ’ಕ್ಕೆ ಹತ್ತುವ ಹಾದಿಯಲ್ಲೇ ಇದೆ. ಅಲ್ಲಿ ‘ಐತಿ’ ಎಂಬ ಎಲೆ ಇಲ್ಲದಿದ್ದರೆ, ಅಥವಾ ಇದ್ದೂ ಅದರ ತೂಕ ಸೊನ್ನೆಯ ಹತ್ತಿರವಿದ್ದರೆ, ಯಂತ್ರಕ್ಕೆ ಅದು ಬರೀ ಮೆಟ್ಟಿಲು. ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ದಿನಕ್ಕೆ ಎಷ್ಟು ಸಲ ಆಡುತ್ತಾರೋ ಲೆಕ್ಕವಿಲ್ಲದ ಕ್ರಿಯಾಪದ ಹೀಗೆ ಮೆಟ್ಟಿಲಾಗಿ ಉಳಿಯುತ್ತದೆ.

ತೂಕ ಎಲ್ಲಿಂದ ಬರುತ್ತದೆ? ಎಣಿಕೆಯಿಂದ. ಎಣಿಸಿ ಮುಂದಿನದನ್ನು ಊಹಿಸುವ ಈ ವಿದ್ಯೆಗೆ ನೂರು ವರ್ಷ ದಾಟಿದೆ. 1913ರಲ್ಲಿ ರಷ್ಯಾದ ಗಣಿತಜ್ಞ ಆಂದ್ರೇ ಮಾರ್ಕೋವ್, ಪುಷ್ಕಿನ್ನನ ಕಾವ್ಯವೊಂದರ 20,000 ಅಕ್ಷರಗಳನ್ನು ಕೈಯಿಂದಲೇ ಎಣಿಸಿ, ಸ್ವರದ ನಂತರ ಸ್ವರ ಎಷ್ಟು ಸಲ, ವ್ಯಂಜನ ಎಷ್ಟು ಸಲ ಬರುತ್ತದೆಂದು ಲೆಕ್ಕ ಹಾಕಿದ. ಇಂದು ಅದೇ ಲೆಕ್ಕವನ್ನು ಯಂತ್ರ ಕೋಟಿಗಟ್ಟಲೆ ಪದಗಳ ಮೇಲೆ ಹಾಕುತ್ತದೆ. ಆದರೆ ಎಣಿಸಲು ಬರಹ ಬೇಕು. ಕನ್ನಡದಲ್ಲಿ ಸುಲಭವಾಗಿ ಸಿಗುವ ಬರಹ ಎಂದರೆ ಪತ್ರಿಕೆ, ಸರ್ಕಾರಿ ಪ್ರಕಟಣೆ, 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ. ಅಲ್ಲೆಲ್ಲ ‘ಇದೆ’ ಇರುತ್ತದೆ, ‘ಐತಿ’ ಇರುವುದಿಲ್ಲ. ‘ಈರುಳ್ಳಿ’ ಇರುತ್ತದೆ, ‘ಉಳ್ಳಾಗಡ್ಡಿ’ ವಿರಳ. ‘ಹಿಂಗಾರು’ ಉಂಟು, ‘ಹಿಂಗಾರಿ’ ಇಲ್ಲ. ಯಾರೂ ಬೇಕೆಂದು ಬಿಟ್ಟದ್ದಲ್ಲ. ಎಣಿಸಿದವರ ಮುಂದೆ ಇದ್ದ ರಾಶಿಯಲ್ಲಿ ಈ ಪದಗಳು ಬಿದ್ದಿರಲಿಲ್ಲ. ಧಾರವಾಡದ ಆಡುಮಾತನ್ನೇ ಕಾವ್ಯದ ಮಾತಾಗಿಸಿದ ದ. ರಾ. ಬೇಂದ್ರೆಯವರಿಗೆ 1973ರ ಜ್ಞಾನಪೀಠ ಬಂತು. ಆ ಮಾತಿನ ತಾಕತ್ತು ಸಾಬೀತಾಗಿ ಇಷ್ಟು ವರ್ಷವಾದರೂ, ಫೋನಿನ ಪಟ್ಟಿಯಲ್ಲಿ ಅದಕ್ಕೊಂದು ತೂಕ ಕೊಡಿಸುವುದು ಬಾಕಿಯೇ ಇದೆ ಎಂಬುದು ನನಗೆ ನೋವಿನ ಸಂಗತಿ.

ಪಟ್ಟಿಯ ಮೊದಲ ದೋಷ ಇದು. ಎರಡನೆಯದು ಕಣ್ಣಿಗೆ ಕಾಣುವುದೇ ಇಲ್ಲ. ಅದನ್ನು ಕೊಂಚ ನಿಧಾನವಾಗಿ ನೋಡೋಣ.

‘ರೋಣ’ ಎಂದು ಬರೆಯಲು ಯೂನಿಕೋಡ್‌ನಲ್ಲಿ ಮೂರು ಸಂಕೇತ ಸಾಕು: ರ, ಓಕಾರದ ಚಿಹ್ನೆ, ಣ. ಆದರೆ ಓಕಾರವನ್ನು ಬಿಡಿಸಿಯೂ ಬರೆಯಬಹುದು. ಎತ್ವ ಒಂದು, ಊಕಾರದ ಕೊಂಬು ಒಂದು, ದೀರ್ಘದ ಗುರುತು ಒಂದು. ಆಗ ‘ರೋಣ’ಕ್ಕೆ ಐದು ಸಂಕೇತ. ಪರದೆಯ ಮೇಲೆ ಎರಡೂ ಒಂದೇ. ಯಂತ್ರಕ್ಕೆ ಮಾತ್ರ ಇವು ಎರಡು ಬೇರೆ ಪದಗಳು, ಬೇರೆ ಎಲೆಗಳು, ಬೇರೆ ತೂಕಗಳು. ನೂರು ಸಲ ಬಂದ ಊರ ಹೆಸರು ಅರವತ್ತು, ನಲವತ್ತು ಎಂದು ಒಡೆದುಹೋದರೆ ಎರಡೂ ‘ರೋಗ’ದ ಮುಂದೆ ಸೋಲುತ್ತವೆ.

ಐದು ಚೂರಿನ ರೋಣ ಬಂದದ್ದೆಲ್ಲಿಂದ ಎಂದರೆ, ನಮ್ಮದೇ ಇತಿಹಾಸದಿಂದ. ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಆದರೆ ನಮ್ಮ ಡಿಟಿಪಿ ಅಂಗಡಿಗಳು, ಮುದ್ರಣಾಲಯಗಳು, ಕಚೇರಿಗಳು ಬಹುಕಾಲ ನಡೆದದ್ದು ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳ ಮೇಲೆ. ಕೆ. ಪಿ. ರಾವ್ ಅವರ ಕೀಲಿವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ ಇಲ್ಲದಿದ್ದರೆ ಕನ್ನಡ ಕಂಪ್ಯೂಟರಿಗೆ ಇಷ್ಟು ಬೇಗ ಬರುತ್ತಿರಲಿಲ್ಲ. ಆ ಋಣ ದೊಡ್ಡದು. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದರು. ಎತ್ವ ಒಂದು ಚೂರು, ಕೊಂಬು ಒಂದು ಚೂರು, ದೀರ್ಘ ಒಂದು ಚೂರು. ಮುಂದೆ ಆ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವಾಗ, ಚೂರುಗಳನ್ನು ಕೂಡಿಸದೆ ಹಾಗೇ ಬಿಟ್ಟಲ್ಲೆಲ್ಲ ಇಂಥ ಒಡಕು ರೂಪಗಳು ಉಳಿದುಕೊಂಡವು.

ಇನ್ನೊಂದು ಸೂಕ್ಷ್ಮ ಕೊಳೆ ಸೊನ್ನೆಯದು. ಕನ್ನಡದ ಅಂಕಿ ಸೊನ್ನೆಗೂ ಅನುಸ್ವಾರಕ್ಕೂ ಕಣ್ಣಿಗೆ ವ್ಯತ್ಯಾಸವಿಲ್ಲ. ‘ನರಗುಂದ’ ಬರೆಯುವಾಗ ಅನುಸ್ವಾರದ ಬದಲು ಅಂಕಿ ಒತ್ತಿದರೂ ಓದುವವರಿಗೆ ನರಗುಂದವೇ ಕಾಣುತ್ತದೆ. ಗಜೇಂದ್ರಗಡಕ್ಕೂ ಇದೇ ಪಾಡು. ಅದರಲ್ಲಿ ನಾವು ಓದುವ ಅಕ್ಷರ ಐದು, ಯಂತ್ರ ನೋಡುವ ಸಂಕೇತ ಒಂಬತ್ತು, ಸಾಮಾನ್ಯ ಕಡತದಲ್ಲಿ ಅದು ಹಿಡಿಯುವ ಜಾಗ 27 ಬೈಟ್. ಒಂಬತ್ತರಲ್ಲಿ ಒಂದು ತಪ್ಪಿದರೂ ಯಂತ್ರಕ್ಕೆ ಅದು ಬೇರೆಯೇ ಊರು. ‘ಫೋನ್‌ಪೇ’ಯಂಥ ಪದದಲ್ಲಿ ನ್ ಮತ್ತು ಪೇ ಕೂಡಿಕೊಂಡು ‘ಫೋನ್ಪೇ’ ಆಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಸಂಕೇತವೊಂದನ್ನು ಇಡುತ್ತಾರೆ. ಅದು ಇದ್ದದ್ದು ಒಂದು ಪದ, ಇಲ್ಲದ್ದು ಇನ್ನೊಂದು.

ತೊಳೆಯುವ ದಾರಿಗಳು ಗೊತ್ತಿರುವಂಥವೇ. ಒಡೆದ ಸ್ವರಚಿಹ್ನೆಗಳನ್ನು ಒಂದೇ ರೂಪಕ್ಕೆ ತರುವ ನಿಯಮವನ್ನು ಯೂನಿಕೋಡ್ ತಾನೇ ಕೊಟ್ಟಿದೆ. ಎರಡು ಅಕ್ಷರಗಳ ನಡುವೆ ಸಿಕ್ಕ ಸೊನ್ನೆ ಅನುಸ್ವಾರವೇ ಆಗಿರಬೇಕೆಂದು ಊಹಿಸಿ ತಿದ್ದಬಹುದು. ಇವನ್ನೆಲ್ಲ ಎಣಿಕೆಗೆ ಮೊದಲೇ ಮಾಡಬೇಕು. ಒಮ್ಮೆ ಎಣಿಸಿ, ತೂಕ ಹಾಕಿ, ಮರ ಕಟ್ಟಿದ ಮೇಲೆ ಕೊಳೆಯೂ ಪದವಾಗಿ ಕುಳಿತುಬಿಡುತ್ತದೆ. ಆಮೇಲೆ ಅದನ್ನು ಯಂತ್ರ ಜನರಿಗೆ ತೋರಿಸುತ್ತದೆ, ಜನ ಒತ್ತುತ್ತಾರೆ, ಒತ್ತಿದ್ದು ಹೊಸ ಬರಹವಾಗುತ್ತದೆ, ಮುಂದಿನ ಎಣಿಕೆಯಲ್ಲಿ ತೂಕ ಇನ್ನಷ್ಟು ಏರುತ್ತದೆ. ‘ಹಾರ್ದಿಕ’ ಎಂಬಲ್ಲಿ ‘ಹಾರ್ಧಿಕ’ ಎಂದು ಬರೆದ ಸ್ವಾಗತ ಫಲಕಗಳನ್ನು ನೀವು ನೋಡಿಯೇ ಇರುತ್ತೀರಿ. ಅಂಥ ತಪ್ಪು ಒಮ್ಮೆ ಪಟ್ಟಿಗೆ ಸೇರಿದರೆ ತನ್ನ ಬಲದಿಂದಲೇ ಬೆಳೆಯುತ್ತದೆ.

ಕನ್ನಡದ ಸ್ವಭಾವವೂ ಬರೀ ಪಟ್ಟಿಗೆ ಒಗ್ಗುವಂಥದ್ದಲ್ಲ. ‘ಹೊಲ’ ಎಂಬ ಒಂದು ಪದ ಹೊಲಕ್ಕೆ, ಹೊಲದಾಗ, ಹೊಲದಿಂದ, ಹೊಲಗಳಿಗೆ ಎಂದು ಬೆಳೆಯುತ್ತದೆ. ಮೇಲೆ ಊ, ಏ, ಓ ಸೇರಿ ಹೊಲಕ್ಕೂ, ಹೊಲದಾಗೇ, ಹೊಲದಿಂದಲೋ ಆಗುತ್ತದೆ. ಎರಡು ವಚನ, ಏಳು ವಿಭಕ್ತಿ, ಕೊನೆಯ ಒತ್ತುಗಳು ಎಲ್ಲ ಗುಣಿಸಿದರೆ ಒಂದು ನಾಮಪದಕ್ಕೆ ಐವತ್ತು ರೂಪ ಸಲೀಸಾಗಿ ದಾಟುತ್ತವೆ. ಇಪ್ಪತ್ತು ಸಾವಿರ ನಾಮಪದಕ್ಕೆ ಹತ್ತು ಲಕ್ಷ ರೂಪ. ಕ್ರಿಯಾಪದ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಹಂಗೇರಿಯನ್ ಭಾಷೆಯದೂ ಇದೇ ಗುಣ. ಅದಕ್ಕೆಂದೇ ಹುಟ್ಟಿದ ‘ಹನ್‌ಸ್ಪೆಲ್’ ಎಂಬ ತಂತ್ರಾಂಶದಲ್ಲಿ ಮೂಲಪದಗಳ ಪಟ್ಟಿ ಒಂದು, ಪ್ರತ್ಯಯ ಹತ್ತಿಸುವ ನಿಯಮಗಳ ಪಟ್ಟಿ ಇನ್ನೊಂದು ಇರುತ್ತದೆ. ಕನ್ನಡಕ್ಕೂ ಈ ದಾರಿ ಸರಿ. ಮಾತ್ರ ನಿಯಮಗಳಲ್ಲಿ ‘ಹೊಲದಲ್ಲಿ’ಯ ಜೊತೆ ‘ಹೊಲದಾಗ’ ಕೂಡ ಇರಬೇಕು. ‘ಬಸ್ಸಿನಲ್ಲಿ’ಯ ಜೊತೆ ‘ಬಸ್ಸಿನ್ಯಾಗ’ ಇರಬೇಕು. ಒಂದು ನಿಯಮ ಸೇರಿಸಿದರೆ ಸಾವಿರಾರು ಪದಗಳಿಗೆ ಉತ್ತರ ಕರ್ನಾಟಕದ ರೂಪ ಒಂದೇಟಿಗೆ ಸಿಗುತ್ತದೆ. ಇಷ್ಟು ಕಡಿಮೆ ಕೆಲಸಕ್ಕೆ ಇಷ್ಟು ದೊಡ್ಡ ಫಲ ಸಿಗುವ ಜಾಗ ಈ ವಿಷಯದಲ್ಲಿ ಮತ್ತೊಂದಿಲ್ಲ.

ಇನ್ನು ಕಾಲ. 1997ರವರೆಗೆ ರೋಣ, ನರಗುಂದ, ಗಜೇಂದ್ರಗಡ ಮೂರೂ ಧಾರವಾಡ ಜಿಲ್ಲೆಯವು, ಆಮೇಲೆ ಗದಗ ಜಿಲ್ಲೆಯವು. ಗಜೇಂದ್ರಗಡ ಬಹುಕಾಲ ರೋಣ ತಾಲೂಕಿನ ಊರು, 2018ರ ಹೊತ್ತಿಗೆ ತಾನೇ ತಾಲೂಕಾಯಿತು. 2014ರ ನವೆಂಬರ್ 1ರಿಂದ ಬಿಜಾಪುರ ವಿಜಯಪುರವಾಯಿತು, ಗುಲ್ಬರ್ಗ ಕಲಬುರಗಿಯಾಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಬಂತು. ‘ವಿಜಯ’ ಎಂದು ಬರೆದು ನಿಂತರೆ ಮುಂದೆ ಏನು ತೋರಿಸಬೇಕೆಂಬುದು ಹತ್ತು ವರ್ಷದಲ್ಲಿ ಎರಡು ಸಲ ಬದಲಾಗಿದೆ.

ಪದಕ್ಕಿಂತ ಬೇಗ ಹಳತಾಗುವುದು ಪದಗಳ ಜೋಡಿ. ಕೀಲಿಮಣೆ ಮುಂದಿನ ಪದವನ್ನು ಊಹಿಸುವುದು ಜೋಡಿಗಳ ಎಣಿಕೆಯಿಂದ. ‘ನರಗುಂದ’ ಎಂದ ಕೂಡಲೇ ‘ಬಂಡಾಯ’ ಎನ್ನುವುದು ಸಹಜ. 1858ರಲ್ಲಿ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಎದ್ದದ್ದೂ ಅಲ್ಲೇ, 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ರೈತರು ನೀರಿನ ಕರದ ವಿರುದ್ಧ ಬೀದಿಗಿಳಿದದ್ದೂ ಅಲ್ಲೇ. 2015ರಲ್ಲಿ ಅದೇ ಊರಿನಲ್ಲಿ ಮಹದಾಯಿ ನೀರಿಗಾಗಿ ರೈತರು ಧರಣಿ ಕೂತ ಮೇಲೆ ‘ನರಗುಂದ’ದ ಪಕ್ಕಕ್ಕೆ ‘ಮಹದಾಯಿ’, ‘ಕಳಸಾ-ಬಂಡೂರಿ’ ಬಂದು ನಿಂತವು. ಅದಕ್ಕೂ ಮೊದಲು ಎಣಿಸಿದ ಪಟ್ಟಿಗೆ ಈ ಜೋಡಿ ತಿಳಿಯದು. ‘ಗೃಹಲಕ್ಷ್ಮಿ’ಯನ್ನೇ ನೋಡಿ. ಹಳೆಯ ಬರಹದಲ್ಲಿ ಅದರ ಅಕ್ಕಪಕ್ಕ ಮನೆ, ಸಂಸಾರ, ಸೊಸೆ. 2023ರಲ್ಲಿ ಆ ಹೆಸರಿನ ಸರ್ಕಾರಿ ಯೋಜನೆ ಬಂದ ನಂತರ ಅದರ ಪಕ್ಕ ‘ದುಡ್ಡು’, ‘ಖಾತೆ’, ‘ಜಮಾ’. ‘ಗೃಹಲಕ್ಷ್ಮಿ ದುಡ್ಡು ಬಂತೇನವ್ವಾ?’ ಎಂದು ಕೇಳುವ ಮಗಳಿಗೆ ಹಳೆಯ ಜೋಡಿಗಳು ಅಡ್ಡಿಯೇ ಹೊರತು ನೆರವಲ್ಲ.

ಹಾಗಾದರೆ ಹಳೆಯ ಪಟ್ಟಿಯನ್ನು ಕಿತ್ತು ಒಗೆದರೆ ಆಯಿತೇ? ಇಲ್ಲಿ ನಾನು ಒಂದು ಗೆರೆ ಎಳೆಯಬೇಕು. ಗಜೇಂದ್ರಗಡದ ಹತ್ತಿರದ ಸೂಡಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ, 11ನೇ ಶತಮಾನದ ಶಾಸನಗಳಿವೆ. ಆ ಕಾಲದ ಕನ್ನಡದಲ್ಲಿ ಱ, ೞ ಎಂಬ ಎರಡು ಅಕ್ಷರಗಳು ಜೀವಂತವಾಗಿದ್ದವು. ನಮ್ಮ ಬಾಯಿಂದ ಅವು ಎಂದೋ ಹೋದವು. ಯೂನಿಕೋಡ್‌ನಲ್ಲಿ ಮಾತ್ರ ಇಂದಿಗೂ ಇವೆ, ಇರಲೇಬೇಕು. ಇಲ್ಲದಿದ್ದರೆ ಶಾಸನವನ್ನು ಅಚ್ಚು ಮಾಡುವುದು ಹೇಗೆ? ೞ ಅಕ್ಷರಕ್ಕೆ ಯೂನಿಕೋಡ್‌ನಲ್ಲಿ ತಪ್ಪಾಗಿ ‘ಫ’ ಎಂದು ಹೆಸರಿಟ್ಟುಬಿಟ್ಟಿದ್ದಾರೆ. ತಪ್ಪು ಎಂದು ಅವರೇ ಟಿಪ್ಪಣಿ ಬರೆದಿದ್ದಾರೆ, ಆದರೂ ಹೆಸರು ಬದಲಿಸುವಂತಿಲ್ಲ. ಒಮ್ಮೆ ಕೊಟ್ಟ ಹೆಸರನ್ನು ಮುಟ್ಟಬಾರದೆಂಬುದು ಅಲ್ಲಿಯ ಕಟ್ಟಳೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟೂ ಹಳೆಯ ಪದವನ್ನು ಹೊರಹಾಕುವುದಿಲ್ಲ, ಕಾಪಾಡುವುದೇ ಅದರ ಕೆಲಸ. ಕೀಲಿಮಣೆಯ ಪಟ್ಟಿಯ ಕೆಲಸ ಬೇರೆ. ಈ ಹೊತ್ತು, ಈ ಬೆರಳು ಮುಂದೆ ಏನು ಒತ್ತಲಿದೆ ಎಂದು ಹೇಳುವುದು ಅದರ ಕೆಲಸ. ಆದ್ದರಿಂದ ಹಳತಾಗುವುದು ಅದರೊಳಗಿನ ಎಣಿಕೆ. ಪದಗಳು ಉಳಿಯಲಿ, ಎಣಿಕೆ ಹೋಗಲಿ ಎಂಬುದೇ ನನ್ನ ಪಕ್ಷ.

ಈ ಸೀಮೆಯ ಹಿರಿಯರಿಗೆ ಹಗೇವು ಗೊತ್ತು. ನೆಲದೊಳಗೆ ತೋಡಿ ಜೋಳ ತುಂಬಿಡುತ್ತಿದ್ದ ಕಣಜ ಅದು. ಹಳೆಯ ಜೋಳದ ಮೇಲೇ ಹೊಸದನ್ನು ಸುರಿಯುತ್ತಿರಲಿಲ್ಲ. ಬಾಯಿ ತೆಗೆದು, ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾದು, ಇಳಿದು, ಮುಗ್ಗಿದ್ದನ್ನು ಬೇರೆ ಮಾಡಿ, ಒಳ್ಳೆಯದನ್ನು ಬಿಸಿಲಿಗೆ ಹರವುತ್ತಿದ್ದರು. ಪದಪಟ್ಟಿಯ ಕೆಲಸವೂ ಹೆಚ್ಚುಕಡಿಮೆ ಹೀಗೇ. ಒಡಕು ರೂಪ, ಸೊನ್ನೆ ಹೊಕ್ಕ ರೂಪ, ಖಚಿತ ತಪ್ಪು ಕಾಗುಣಿತ ಇವು ಮುಗ್ಗಿದ ಕಾಳು, ಪೂರ್ತಿ ತೆಗೆಯಬೇಕು. ಬಿಜಾಪುರ, ಹೈದರಾಬಾದ್ ಕರ್ನಾಟಕ ಇಂಥವನ್ನು ತೆಗೆಯಬಾರದು, ತೂಕ ಇಳಿಸಬೇಕು. ಹಳೆಯ ಕಾಗದಪತ್ರದ ಮಾತು ಬಂದಾಗ ಯಾರಿಗಾದರೂ ಬೇಕಾಗುತ್ತವೆ. ಇದಕ್ಕೊಂದು ಸರಳ ಉಪಾಯ, ಎಣಿಕೆಗೆ ಆಯುಷ್ಯ ಕೊಡುವುದು. ಎರಡು ವರ್ಷದ ಹಿಂದಿನ ಬರಹದಲ್ಲಿ ಬಂದ ಒಂದು ಬಳಕೆಯನ್ನು ಅರ್ಧ ಎಂದು, ನಾಲ್ಕು ವರ್ಷದ ಹಿಂದಿನದನ್ನು ಕಾಲು ಎಂದು ಲೆಕ್ಕ ಹಿಡಿದರೆ ಹಳೆಯ ಪದ ಸಾಯದೆ ಹಿಂದೆ ಸರಿಯುತ್ತದೆ, ಮತ್ತೆ ಬಳಕೆಗೆ ಬಂದರೆ ಮುಂದೆ ಬರುತ್ತದೆ.

ಬದಲಿಸುವ ಗಳಿಗೆಯಲ್ಲಿ ಎಚ್ಚರ ಬೇಕು. ಫೋನಿನಲ್ಲಿ ಎರಡು ಪಟ್ಟಿಗಳಿರುತ್ತವೆ. ಒಂದು ತಯಾರಕರು ಕೊಟ್ಟದ್ದು, ಇನ್ನೊಂದು ಬಳಸುವವರಿಂದ ಅದು ಕಲಿತದ್ದು. ಗಜೇಂದ್ರಗಡದ ನೇಕಾರರೊಬ್ಬರು ‘ಲಾಳಿ’ ಎಂದು ಬರೆದಾಗಲೆಲ್ಲ ಬಂದ ‘ಲಾಲಿ’ಯನ್ನು ಪಕ್ಕಕ್ಕೆ ತಳ್ಳಿ, ‘ಪಟ್ಟೇದ ಅಂಚು’ ಎಂದು ಪ್ರತಿ ಸಲ ಪೂರ್ತಿ ಹೊಡೆದು, ತಿಂಗಳುಗಟ್ಟಲೆ ಕಲಿಸಿರುತ್ತಾರೆ. ಹಳೆಯ ಪಟ್ಟಿ ತೆಗೆಯುವ ಭರದಲ್ಲಿ ಅದು ಅಳಿಸಿಹೋದರೆ ಅವರ ದುಡಿಮೆಯನ್ನು ಕಿತ್ತುಕೊಂಡಂತೆ. ಹೊಸದು ಪೂರ್ತಿ ಇಳಿದು, ಸರಿಯಾಗಿ ತೆರೆದುಕೊಳ್ಳುವವರೆಗೆ ಹಳೆಯದನ್ನು ಬಿಡಬಾರದು. ನೆಟ್‌ವರ್ಕ್ ಕೈಕೊಡುವ ಹೊಲದ ನಡುವೆ ಊಹೆಯೇ ಇಲ್ಲದ ಕೀಲಿಮಣೆ ಉಳಿಯಬಾರದು. ಜನ ಬರೆದದ್ದನ್ನು ಫೋನಿನಿಂದ ಹೊರಗೆ ಒಯ್ಯದೆಯೇ ಕಲಿಕೆಯ ಸಾರವನ್ನಷ್ಟೇ ಒಟ್ಟುಗೂಡಿಸುವ ‘ಫೆಡರೇಟೆಡ್ ಲರ್ನಿಂಗ್’ ವಿಧಾನವನ್ನು ಗೂಗಲ್ 2017ರಲ್ಲಿ ತನ್ನ ಕೀಲಿಮಣೆಯ ಮೇಲೆ ಪ್ರಯೋಗಿಸಿತು. ಆಡುಮಾತಿಗೆ ಇದು ಒಳ್ಳೆಯ ದಾರಿ. ಪತ್ರಿಕೆಯಲ್ಲಿ ಎಂದೂ ಅಚ್ಚಾಗದ ಪದ ಎಣಿಕೆಗೆ ಸಿಗುವುದು ಹೀಗೆಯೇ.

ಆಡುಮಾತಿಗೆ ಸ್ಥಿರ ಕಾಗುಣಿತ ಇಲ್ಲವಲ್ಲ ಎಂದು ನೀವು ಕೇಳಬಹುದು. ನಿಜ. ‘ಬರಾಕತ್ತೈತಿ’, ‘ಬರಾಕಹತ್ತೈತಿ’, ‘ಬರಾಕತ್ತೇತಿ’, ‘ಬರ್ಲಿಕ್ಕತ್ತದ’ ಎಲ್ಲವೂ ಉಂಟು. ಎರಡು ಪದಗಳ ನಡುವಿನ ಅಂತರವನ್ನು ಎಷ್ಟು ಅಕ್ಷರ ಬದಲಿಸಬೇಕು, ಸೇರಿಸಬೇಕು, ತೆಗೆಯಬೇಕು ಎಂದು ಅಳೆಯುವ ಲೆಕ್ಕವನ್ನು ರಷ್ಯಾದ ವ್ಲಾದಿಮಿರ್ ಲೆವೆನ್‌ಷ್ಟೈನ್ 1965ರಲ್ಲಿ ಕೊಟ್ಟ. ತಿದ್ದುವ ಹಲವು ಯಂತ್ರಗಳು ಅದರ ಮೇಲೆ ನಿಂತಿವೆ. ಆ ಅಳತೆಯಲ್ಲಿ ಮೊದಲ ಮೂರು ರೂಪಗಳು ಒಂದಕ್ಕೊಂದು ತೀರಾ ಹತ್ತಿರ. ಹತ್ತಿರವಿದೆ ಎಂದು ಒಂದನ್ನು ಇನ್ನೊಂದಾಗಿ ತಿದ್ದಬಾರದು. ಸೂಚಿಸಲಿ, ಬಲವಂತ ಬೇಡ.

ಇದು ನಮ್ಮೊಬ್ಬರ ಪಾಡೂ ಅಲ್ಲ. ಎರಿಟ್ರಿಯಾದಲ್ಲೂ ಇಥಿಯೋಪಿಯಾದ ಟಿಗ್ರೈಯಲ್ಲೂ ಆಡುವ ತಿಗ್ರಿನ್ಯ ಭಾಷೆಯ ಲಿಪಿ ನಮ್ಮ ಕಾಗುಣಿತವನ್ನು ನೆನಪಿಸುತ್ತದೆ, ಪ್ರತಿ ವ್ಯಂಜನಕ್ಕೂ ಸ್ವರದ ಪ್ರಕಾರ ಏಳು ರೂಪ. ‘ತ್ಸ’ದಂಥ ಒಂದು ಸದ್ದಿಗೆ ಅಲ್ಲಿ ಎರಡು ಅಕ್ಷರಗಳಿವೆ. ಗಡಿಯ ಒಂದು ಕಡೆ ಒಂದು ಹೆಚ್ಚು ರೂಢಿ, ಇನ್ನೊಂದು ಕಡೆ ಇನ್ನೊಂದು. ಒಂದೇ ಪಟ್ಟಿ ಎರಡೂ ಕಡೆಯವರಿಗೆ ಎಂದರೆ ಒಬ್ಬರ ಬರಹ ಇನ್ನೊಬ್ಬರ ತಪ್ಪಾಗಿಬಿಡುತ್ತದೆ. ನಾವು ‘ತಾಲೂಕು’ ಎಂದು ಬರೆದರೆ ಬೆಂಗಳೂರಿನ ಪಟ್ಟಿ ‘ತಾಲ್ಲೂಕು’ ಎಂದು ತಿದ್ದುವುದೂ ಅದೇ ಬಗೆಯದು.

ಹೊಸ ಪಟ್ಟಿ ಹಳೆಯದಕ್ಕಿಂತ ಮೇಲೋ ಎಂದು ಅಳೆಯುವುದು ಕಷ್ಟವಲ್ಲ. ‘ಉಳ್ಳಾಗಡ್ಡಿ’ ಬರೆಯಲು ಹತ್ತು ಸಂಕೇತ ಬೇಕು. ‘ಉಳ್ಳಾ’ ಎಂಬ ಐದಕ್ಕೆ ಪಟ್ಟಿ ಪೂರ್ತಿ ಪದ ತೋರಿಸಿದರೆ, ಆರಿಸಲು ಇನ್ನೊಂದು ಒತ್ತು, ಒಟ್ಟು ಆರು. ಹತ್ತರಲ್ಲಿ ನಾಲ್ಕು ಉಳಿಯಿತು. ಪಟ್ಟಿಯಲ್ಲಿ ಪದವೇ ಇಲ್ಲದಿದ್ದರೆ ಹತ್ತೂ ಒತ್ತಬೇಕು, ನಡುವೆ ಅದು ಬೇರೇನೋ ಮಾಡಿದ್ದನ್ನು ಅಳಿಸುವ ಒತ್ತುಗಳು ಬೇರೆ. ಇಂಥ ಅಳತೆಗೆ ವಾಕ್ಯಗಳು ಬೇಕು. ಅವನ್ನು ನರಗುಂದದ ಎಪಿಎಂಸಿಯಲ್ಲಿ ಕಡ್ಲಿ ಮಾರಲು ಬಂದವರು, ಗಜೇಂದ್ರಗಡದ ಮಗ್ಗದ ಮನೆಯವರು, ರೋಣದ ಕಾಲೇಜಿನ ಹುಡುಗ ಹುಡುಗಿಯರು ತಾವು ಆಡುವಂತೆಯೇ ಬರೆದುಕೊಡಬೇಕು. ‘ಎರಿ ಹೊಲ ಇನ್ನೂ ಹರಗಿಲ್ಲ.’ ‘ಗಿರಣ್ಯಾಗ ಕರೆಂಟ್ ಇಲ್ಲ, ಹಿಟ್ಟು ನಾಳೆ.’ ಇಂಥ ಐನೂರು ವಾಕ್ಯಗಳನ್ನು ಹಳೆಯ ಪಟ್ಟಿಗೂ ಹೊಸದಕ್ಕೂ ಕೊಟ್ಟು ಒತ್ತುಗಳನ್ನು ಎಣಿಸಿದರೆ ಯಾವುದು ಉಳಿಯಬೇಕೆಂಬುದು ಅಂಕಿಯಲ್ಲೇ ತಿಳಿಯುತ್ತದೆ. ಒಂದು ಶಾಲೆಯ ವಿಜ್ಞಾನ ಶಿಕ್ಷಕರು ಎಂಟನೇ ತರಗತಿಯ ಮಕ್ಕಳಿಂದ ಒಂದು ವಾರದಲ್ಲಿ ಮಾಡಿಸಬಹುದಾದ ಕೆಲಸ ಇದು.

ಆ ವಾಕ್ಯಗಳಲ್ಲಿ ಒಂದಾದರೂ ಹಗೇವಿನದು ಇರಲಿ. ಮೊಮ್ಮಗ ‘ಅಜ್ಜಿ, ಹಗೇವು ಎಷ್ಟು ಆಳ ಇತ್ತು?’ ಎಂದು ಬರೆಯುವಾಗ ‘ಹಗೇ’ ದಾಟುತ್ತಲೇ ಪದ ಪೂರ್ತಿ ಮೇಲೆ ಬಂದು ನಿಲ್ಲಬೇಕು, ತೂಕ ಎಷ್ಟೇ ಸಣ್ಣದಿರಲಿ.